ನಾನು ಶಿಕ್ಷೆ ಕೇಳದ ಕೇಸು

ವಿಜಯಪುರದ ಕೋರ್ಟಿನಲ್ಲಿ ನಾನು ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ ಸೇರಿದಾಗ, ನಮ್ಮೂರು ಬಬಲೇಶ್ವರದಲ್ಲಿ ಆ ಹುದ್ದೆಯ ಹೆಸರು ಯಾರ ಬಾಯಿಗೂ ಸರಿಯಾಗಿ ಹತ್ತಲಿಲ್ಲ. ಕೆಲವರು 'ಪೊಲೀಸರ ವಕೀಲಿ' ಅನ್ನುತ್ತಿದ್ದರು. ನಮ್ಮವ್ವ ಮಾತ್ರ ನೆರೆಮನೆಯವರಿಗೆ ಒಂದೇ ಮಾತಿನಲ್ಲಿ ತಿಳಿಸಿಬಿಡುತ್ತಿದ್ದಳು: "ನನ್ನ ಮಗಳು ಕಳ್ಳರನ್ನ ಒಳಗ ಹಾಕ್ಸ್ತಾಳ." ನನಗೂ ಆ ವಿವರಣೆ ಸಾಕಾಗಿತ್ತು. ಎಷ್ಟು ಕೇಸಿನಲ್ಲಿ ಶಿಕ್ಷೆ ಆಯಿತು ಅನ್ನುವುದರ ಮೇಲೆಯೇ ನಮ್ಮ ಕೆಲಸವನ್ನು ತೂಗುತ್ತಿದ್ದರು. ಆ ತೂಕದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ.

ಆ ಮೊದಲ ವರ್ಷಗಳಲ್ಲಿ ಒಬ್ಬ ಆರೋಪಿ ಮತ್ತೆ ಮತ್ತೆ ನನ್ನ ಎದುರಿಗೆ ಬರುತ್ತಿದ್ದ. ಸಿದ್ಧೇಶ್ವರ ಗುಡಿಯ ಸುತ್ತಲಿನ ಹಳೆಯ ಮನೆಗಳ ಹಿತ್ತಲಿಗೆ ನುಗ್ಗಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಎತ್ತಿಕೊಂಡು ಹೋಗುವುದು ಅವನ ಕಸುಬು. ಕದ್ದದ್ದೆಲ್ಲ ಸಂಜೆಯೊಳಗೆ ಸಾರಾಯಿಯಾಗಿ ಅವನ ಹೊಟ್ಟೆ ಸೇರುತ್ತಿತ್ತು. ಸಿಕ್ಕಿಬಿದ್ದಾಗ ತಕರಾರು ಮಾಡುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡು, ಹೋಗುವಾಗ "ಬರ್ತೀನ್ರಿ ಬಾಯಾರ" ಎಂದು ನನಗೆ ಕೈಮುಗಿಯುತ್ತಿದ್ದ, ಬೀಗರ ಮನೆಯಿಂದ ಹೊರಟವನ ಹಾಗೆ. ಮೂರು ಸಲ ನಾನು ಅವನಿಗೆ ಶಿಕ್ಷೆ ಕೊಡಿಸಿದೆ. ನಾಲ್ಕನೆಯ ಸಲ ಕಡತ ಬಂದಾಗ ಅವನು ಬರಲಿಲ್ಲ. ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣ ಮುಗಿಸಬೇಕೆಂದು ಪೊಲೀಸರು ವರದಿ ಇಟ್ಟಿದ್ದರು. ಯಕೃತ್ತು ಹೋಗಿತ್ತಂತೆ. ಅದರ ಕೆಳಗೆ ನಾನು ನನ್ನ ಅಭಿಪ್ರಾಯ ಬರೆಯಬೇಕಿತ್ತು. 'ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಬರೆದ ಮೇಲೆ ಆ ಎರಡು ಶಬ್ದಗಳನ್ನು ನೋಡುತ್ತ ಕುಳಿತುಬಿಟ್ಟೆ. ಅವನು ಕುಡಿಯುತ್ತಾನೆ ಎಂಬುದು ಮೂರೂ ಕಡತಗಳಲ್ಲಿ ಇತ್ತು. ನಾನೇ ಕೋರ್ಟಿಗೆ ಹೇಳಿದ್ದೆ, ಅವನ ಕೆಟ್ಟ ನಡತೆಗೆ ಸಾಕ್ಷಿಯಾಗಿ. ಅದೊಂದು ಕಾಯಿಲೆ ಎಂದು ನಾನೂ ಅನ್ನಲಿಲ್ಲ, ಬೇರೆ ಯಾರೂ ಅನ್ನಲಿಲ್ಲ.

ಕೆಲವು ತಿಂಗಳಾದ ಮೇಲೆ ಬಿಜ್ಜರಗಿಯ ಒಂದು ಕಳವಿನ ಕೇಸು ನನ್ನ ಮೇಜಿಗೆ ಬಂತು. ದ್ರಾಕ್ಷಿ ಪಡವೊಂದರ, ಅಂದರೆ ತೋಟದ, ಬೋರಿನಿಂದ ಮೋಟರಿನ ಕೇಬಲ್ ಕತ್ತರಿಸಿಕೊಂಡು ಹೋಗಿದ್ದರು. ತಿಕೋಟಾದ ಗುಜರಿ ಅಂಗಡಿಯಲ್ಲಿ ತಾಮ್ರದ ತಂತಿ ಸಿಕ್ಕಿತ್ತು. ಮಾರಿದವನೂ ಸಿಕ್ಕಿದ್ದ. ಕನಮಡಿ ಕಡೆಯವನು, ನಲವತ್ತರ ಒಳಗಿನ ವಯಸ್ಸು. ಕಸುಬಿನ ಕಾಲಂನಲ್ಲಿ 'ಕೂಲಿ' ಎಂದು ಬರೆದಿದ್ದರು. ಆದರೆ ಅವನು ಬರೀ ಕೂಲಿಯವನಲ್ಲ, ಚಾಟ್ನಿ ಮಾಡುವವನು, ಅಂದರೆ ಬಳ್ಳಿ ಸವರುವವನು. ದ್ರಾಕ್ಷಿ ಬಳ್ಳಿಯ ಯಾವ ಕಡ್ಡಿ ಉಳಿಸಬೇಕು, ಯಾವುದನ್ನು ಎಷ್ಟು ಚಿಗುರುಗಣ್ಣಿಗೆ ಕತ್ತರಿಸಬೇಕು ಎಂದು ತಿಳಿದವರಿಗೆ ನಮ್ಮ ಕಡೆ ದೊಡ್ಡ ಮರ್ಯಾದೆ. ಚಾಟ್ನಿ ಕೆಟ್ಟರೆ ಆ ವರ್ಷದ ಹಣ್ಣೇ ಕೆಟ್ಟ ಹಾಗೆ. ಒಂದು ಕಾಲದಲ್ಲಿ ಅವನನ್ನು ಕರೆಯಲು ಪಡದ ಮಾಲೀಕರು ಮೋಟರ್ ಸೈಕಲ್ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರಂತೆ. ಕುಡಿತ ಹೆಚ್ಚಾದ ಮೇಲೆ ಯಾರೂ ಕರೆಯಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವಳು ಅವನ ಹೆಂಡತಿ. ಕೋರ್ಟಿನ ಪಡಸಾಲೆಯಲ್ಲಿ ನಿಂತಿದ್ದವಳು ನಾನು ದಾಟುವಾಗ ಅಡ್ಡ ಬಂದಳು. ಆರೋಪಿಯ ಕಡೆಯವರ ಜೊತೆ ನಾನು ಮಾತಾಡುವ ಹಾಗಿಲ್ಲ, ನಿಮ್ಮ ವಕೀಲರಿಗೆ ಹೇಳು ಎಂದೆ.

"ಅವ್ರು ರಾಜಿ ಮಾಡ್ಸ್ತೀನಿ ಅಂತಾರ್ರಿ," ಅಂದಳು. "ರಾಜಿ ಆದ್ರ ಇವತ್ತ ಹೊರಗ ಬರ್ತಾನ. ಬಂದ್ರ ಸಂಜೀಕ ಮತ್ತ ಕುಡೀತಾನ. ನಂಗ ಅಂವ ಬೇಕ್ರಿ ಬಾಯಾರ, ಖರೆ ಹಿಂಗ ಬ್ಯಾಡ."

ಆರೋಪಿಯ ಬಿಡುಗಡೆ ಬೇಡವೆಂದು ಅವನ ಹೆಂಡತಿಯೇ ಸರ್ಕಾರಿ ವಕೀಲಿಯ ಮುಂದೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಒಳಗೆ ಹೋಗಿ ಅವನನ್ನು ನೋಡಿದೆ. ಕಟಕಟೆಯ ಕಂಬಿ ಹಿಡಿದುಕೊಂಡಿದ್ದ. ಅವನ ಕೈ ನಡುಗಿದರೆ ಹಳೆಯ ಕಂಬಿಯೂ ಸಣ್ಣಗೆ ಸದ್ದು ಮಾಡುತ್ತಿತ್ತು.

ಅವತ್ತು ಮನೆಗೆ ಹೋಗಿ ಕಾಲೇಜಿನಲ್ಲಿ ಓದಿ ಮರೆತಿದ್ದ ಒಂದು ಕಾಯ್ದೆಯನ್ನು ಮತ್ತೆ ತೆರೆದೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ತಪ್ಪು ಸಾಬೀತಾದವನನ್ನು ಜೈಲಿಗೆ ಕಳಿಸುವ ಬದಲು, ಸನ್ನಡತೆಯ ಬಾಂಡ್ ಬರೆಸಿಕೊಂಡು, ಒಬ್ಬ ಪರಿವೀಕ್ಷಣಾಧಿಕಾರಿಯ ಉಸ್ತುವಾರಿಯಲ್ಲಿ ಬಿಡಬಹುದೆಂದು ಅದು ಹೇಳುತ್ತದೆ. ಅಮಲಿನ ಪದಾರ್ಥ ಮುಟ್ಟಬಾರದೆಂದು ಷರತ್ತು ಹಾಕುವುದಕ್ಕೂ ಅದರಲ್ಲಿ ಅವಕಾಶವಿದೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಬರೆದಿಟ್ಟ ಸಾಲು ಅದು. ನಮ್ಮ ಕಡೆ ಅದನ್ನು ಕೇಳುವುದೇನಿದ್ದರೂ ಆರೋಪಿಯ ವಕೀಲರು. ನಾವು ವಿರೋಧಿಸುವುದು ರೂಢಿ. ಸರ್ಕಾರದ ಪರವಾಗಿ ನಾವೇ ಯಾಕೆ ಕೇಳಬಾರದು ಎಂಬ ಯೋಚನೆ ನನಗೆ ಆ ಹೊತ್ತಿಗೆ ಬಂತು.

ನಮ್ಮ ಹಿರಿಯ ಅಭಿಯೋಜಕರು ನಿವೃತ್ತಿಗೆ ಹತ್ತಿರದಲ್ಲಿದ್ದವರು. ಮಾತು ಕಡಿಮೆ. ಅವರ ಮುಂದೆ ಪುಸ್ತಕ ಇಟ್ಟು ವಿಷಯ ಹೇಳಿದೆ. ಕನ್ನಡಕ ಹಣೆಗೆ ಏರಿಸಿ ಓದಿದರು.

"ತಂಗಿ, ನಾವು ಯಾರ ಕಡೆಯವರು?"

"ಸರ್ಕಾರದ ಕಡೆಯವ್ರು ಸರ್."

"ಅಲ್ಲ. ಕಳಕೊಂಡವರ ಕಡೆಯವರು. ಆ ಪಡದವರನ್ನ ಕೇಳೀಯೇನು? ಮೊದಲು ಅವ್ರನ್ನ ಕರಸು. ಅವ್ರು ಬ್ಯಾಡ ಅಂದ್ರ ಈ ಪುಸ್ತಕ ಮುಚ್ಚಿ ಒಳಗಿಡು."

ಪಡದ ಒಡತಿ ಅರವತ್ತು ದಾಟಿದ ಹೆಣ್ಣುಮಗಳು. ಗಂಡ ತೀರಿದ ಮೇಲೆ ತಾನೇ ನಿಂತು ಪಡ ಬೆಳೆಸಿದವಳು. ಬೆಳಗಿನ ಮೊದಲ ಬಸ್ಸಿಗೆ ಬಿಜ್ಜರಗಿಯಿಂದ ಬಂದು, ನಮ್ಮ ಕೋಣೆಯ ಬಾಗಿಲು ತೆರೆಯುವ ಮುಂಚೆಯೇ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಮಾತು ತೆಗೆಯುವಷ್ಟರಲ್ಲಿ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಒಂದು ದ್ರಾಕ್ಷಿ ಗೊಂಚಲು ಇತ್ತು. ಕಾಳುಗಳು ಮೆಣಸಿನಷ್ಟಾಗಿ ಮುರುಟಿ ಕಪ್ಪಗಾಗಿದ್ದವು.

"ಪೊಲೀಸ್ರು ಬರೇ ಕೇಬಲ್ ಬರ್ಕೊಂಡ್ರು ಯವ್ವಾ," ಅಂದಳು. "ಕಾಳು ಹಿಡಿಯೂ ಹೊತ್ತಿನ್ಯಾಗ ನಾಕು ದಿನ ನೀರಿಲ್ಲ. ಎರಡು ಸಾಲು ಹಿಂಗ ಆದ್ವು. ಇದನ್ನ ಯಾರ್ ಬರ್ಕೋಬೇಕು?"

ನಾನು ಕಾಗದ ತೆಗೆದು ಅದನ್ನು ಬರೆದುಕೊಂಡೆ. ಬರೆದುಕೊಳ್ಳುವುದನ್ನು ನೋಡಿದ ಮೇಲೆ ಅವಳ ದನಿ ಸ್ವಲ್ಪ ಇಳಿಯಿತು. ಸಿಟ್ಟಿನ ನಿಜವಾದ ಕಾರಣ ಆಮೇಲೆ ಹೊರಬಂತು. ಆರೋಪಿ ಅವಳಿಗೆ ಹೊಸಬನಾಗಿರಲಿಲ್ಲ. ಆರೇಳು ವರ್ಷ ಅವಳ ಪಡದ ಚಾಟ್ನಿ ಮಾಡಿದವನು ಅವನೇ. ಕೇಬಲ್ ಎಲ್ಲಿ ಹಾದುಹೋಗಿದೆ, ನಾಯಿಯ ಹೆಸರೇನು, ಎಲ್ಲ ಅವನಿಗೆ ಗೊತ್ತಿತ್ತು.

"ನಮ್ಮ ಮನಿ ರೊಟ್ಟಿ ತಿಂದಾಂವ. ನಾಯಿ ಸೈತ ಬೊಗಳಲಿಲ್ಲ ಅವಂಗ."

ನಾನು ಕಾಯ್ದೆಯ ಮಾತನ್ನು ನನಗೆ ಬಂದಂತೆ ಬಿಡಿಸಿ ಹೇಳಿದೆ. ಜೈಲಾದರೆ ಕೆಲವು ತಿಂಗಳು. ಆಮೇಲೆ ಬರುತ್ತಾನೆ, ಹೇಗಿದ್ದನೋ ಹಾಗೇ. ಅದರ ಬದಲು ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿ, ಎರಡು ವರ್ಷ ಅಧಿಕಾರಿಯ ಕಣ್ಣಿನಡಿ ಇಡಬಹುದು. ತಪ್ಪಿದರೆ ಮತ್ತೆ ಕರೆಸಿ ಶಿಕ್ಷೆ ಕೊಡಬಹುದು. ಆದರೆ ನೀವು ಒಲ್ಲೆ ಅಂದರೆ ನಾನು ಕೇಳುವುದಿಲ್ಲ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ನಂಗ ಈಗ ಏನೂ ಹೇಳಾಕ ಆಗೂದಿಲ್ಲ. ಅಂವ ನನ್ನ ಮಾರಿ ನೋಡಿ ಹೇಳ್ಲಿ, ನಾನ ಮಾಡೀನಿ ಅಂತ. ಆಮ್ಯಾಲ ನೋಡೂಣು."

ಅವಳ ಮಾತನ್ನು ನಾನು ಅವನ ವಕೀಲರಿಗೆ ಮುಟ್ಟಿಸಿದೆ. ಮುಂದಿನ ತಾರೀಖಿಗೆ ಅವನು ತಪ್ಪು ಒಪ್ಪಿಕೊಂಡ. ನ್ಯಾಯಾಧೀಶರು ಚಿಕ್ಕ ವಯಸ್ಸಿನವರು. ಒಪ್ಪಿಕೊಂಡರೆ ಏನಾಗುತ್ತದೆ ಎಂದು ಅವನಿಗೆ ಎರಡು ಸಲ ತಿಳಿಸಿ ಹೇಳಿ, ಆಮೇಲೆ ದಾಖಲಿಸಿಕೊಂಡರು. ಅವನು ನ್ಯಾಯಾಧೀಶರ ಕಡೆ ಒಂದು ಸಲ ನೋಡಿ, ತಿರುಗಿ ಹಿಂದಿನ ಬೆಂಚಿನಲ್ಲಿದ್ದ ಮುದುಕಿಗೆ ಹೇಳಿದ, "ನಾನ ಮಾಡೀನ್ರಿ ಆಯಿ. ನೀರ್ ಹಾಯಿಸೂ ಹೊತ್ತು ಅಂತ ಗೊತ್ತಿದ್ದ ಮಾಡೀನಿ."

ಶಿಕ್ಷೆಯ ಬಗ್ಗೆ ಸರ್ಕಾರ ಏನು ಹೇಳುತ್ತದೆ ಎಂದು ನ್ಯಾಯಾಧೀಶರು ಕೇಳಿದರು. ನಾನು ಎದ್ದು ನಿಂತು ಹಿಂದಕ್ಕೆ ನೋಡಿದೆ; ಮುದುಕಿ ಕೇಳು ಎಂಬಂತೆ ತಲೆಯಾಡಿಸಿದಳು. ಅಷ್ಟು ವರ್ಷ ಅದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದ್ದೆ. ಸರ್ಕಾರ ಜೈಲು ಶಿಕ್ಷೆ ಕೇಳುವುದಿಲ್ಲ, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು ಚಿಕಿತ್ಸೆಯ ಷರತ್ತಿನ ಮೇಲೆ ಇವನನ್ನು ಬಿಡಬೇಕು ಎಂದೆ. ಆರೋಪಿಯ ವಕೀಲರು ನನ್ನ ಮುಖ ನೋಡಿದರು. ಅವರ ವಾದವನ್ನು ನಾನು ಕಸಿದುಕೊಂಡ ಹಾಗಾಗಿತ್ತು.

"ಕಳಕೊಂಡವರು ಏನಂತಾರೆ?" ಎಂದು ನ್ಯಾಯಾಧೀಶರು ಕೇಳಿದರು.

ಮುದುಕಿ ಎದ್ದು ಮುಂದೆ ಬಂದಳು. ಯಾರೂ ಹೇಳಿಕೊಡದಿದ್ದರೂ ಸೆರಗು ಸರಿಮಾಡಿಕೊಂಡು, ನೇರ ನಿಂತು ಹೇಳಿದಳು. "ಅವನ ಕೈ ನೋಡ್ರಿ ಸಾಹೇಬ್ರ. ಈ ಕೈಯಾಗ ಕತ್ರಿ ಕೊಟ್ರ ಬಳ್ಳಿ ಸಾಯ್ತೈತಿ. ಜೈಲಿನ್ಯಾಗ ಕೈ ನೆಟ್ಟಗ ಮಾಡ್ತಾರಂದ್ರ ಜೈಲಿಗೆ ಕಳಸ್ರಿ. ದವಾಖಾನಿಯಾಗ ಮಾಡ್ತಾರಂದ್ರ ಅಲ್ಲಿ ಕಳಸ್ರಿ. ನಂಗ ಎಲ್ಲಿ ಆದ್ರೂ ಅಷ್ಟ. ಖರೆ ನೆಟ್ಟಗ ಆಗ್ಬೇಕು."

ಕಾನೂನಿನ ಮಾತನ್ನು ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕೋರ್ಟಿನಲ್ಲಿ ಕಂಡಿಲ್ಲ. ನ್ಯಾಯಾಧೀಶರು ಅವಳ ಮಾತನ್ನು ಹಾಗೆಯೇ ಬರೆಸಿಕೊಂಡರು.

ಪರಿವೀಕ್ಷಣಾಧಿಕಾರಿ ಕನಮಡಿಗೆ ಹೋಗಿ ವಿಚಾರಿಸಿ ವರದಿ ಕೊಟ್ಟ ಮೇಲೆ ಆದೇಶ ಬಂತು. ಎರಡು ವರ್ಷದ ಬಾಂಡ್. ಅವನ ಅಕ್ಕನ ಮಗನೊಬ್ಬ ಜಾಮೀನು ನಿಂತ. ಮೊದಲು ಸರ್ಕಾರಿ ಆಸ್ಪತ್ರೆಯ ವ್ಯಸನಮುಕ್ತಿ ವಾರ್ಡು, ಆಮೇಲೆ ಹದಿನೈದು ದಿನಕ್ಕೊಮ್ಮೆ ಅಧಿಕಾರಿಯ ಮುಂದೆ ಹಾಜರಿ.

ಎರಡನೆಯ ವಾರದಲ್ಲಿ ಅಧಿಕಾರಿ ವಾರ್ಡಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮೊದಲ ದಿನಗಳು ಬಹಳ ಕಠಿಣವಾಗಿದ್ದವೆಂದು ನರ್ಸ್ ಹೇಳಿದರು. ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಎಂದು ಒರೆಸುತ್ತ ಕೂತಿದ್ದನಂತೆ. ನಾವು ಹೋದಾಗ ಹೆಂಡತಿ ತಂದ ಬುತ್ತಿ ಬಿಚ್ಚಿ ರೊಟ್ಟಿ ಪಲ್ಯ ತಿನ್ನುತ್ತಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ. ಕೂತ್ಕೋ, ಊಟ ಮಾಡು ಎಂದೆ.

"ರುಚಿ ಹತ್ತಾಕತ್ತೈತ್ರಿ," ಅಂದ. "ಇಷ್ಟ್ ದಿನ ಬಾಯಿಗೆ ಏನೂ ಹತ್ತತಿರಲಿಲ್ಲ."

ಹೆಂಡತಿ ಆ ಕಡೆ ತಿರುಗಿ ಕುಳಿತಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ.

ಇಲ್ಲಿಗೆ ಕತೆ ಮುಗಿಸಿದರೆ ಚೆನ್ನಾಗಿರುತ್ತಿತ್ತು, ಆದರೆ ಹಾಗಾಗಲಿಲ್ಲ. ಏಳು ತಿಂಗಳು ನೆಟ್ಟಗಿದ್ದವನು ತಿಕೋಟಾದಲ್ಲಿ ಯಾರದೋ ಮದುವೆಗೆ ಹೋಗಿ ಕುಡಿದ. ಒಂದು ದಿನವಲ್ಲ, ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ನಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದ.

"ಕುಡಿದೀನ್ರಿ ಬಾಯಾರ. ಯಾರರ ಬಂದು ಹೇಳೂಕಿಂತ ಮೊದಲ ನಾನ ಹೇಳ್ಬೇಕಂತ ಬಂದೀನಿ. ಜೈಲಿಗೆ ಹಾಕ್ತೀರೇನ್ರಿ?"

ನನಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಅವನ ಮೇಲೆ ಮಾತ್ರ ಅಲ್ಲ. ಆಫೀಸಿನಲ್ಲಿ ಆಗಲೇ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಬಾಯಾರ ಈಗ ದವಾಖಾನಿ ತೆಗೆದಾರ, ಕಳ್ಳರಿಗೆ ಔಷಧ ಕೊಡ್ತಾರ ಅನ್ನುವ ಮಾತು ನನ್ನ ಕಿವಿಗೂ ಬಿದ್ದಿತ್ತು. ಈಗ ಅವರೆಲ್ಲರ ಮುಂದೆ ನಾನು ತಲೆ ತಗ್ಗಿಸಬೇಕು ಎಂಬ ನಾಚಿಕೆಯೂ ಆ ಸಿಟ್ಟಿನಲ್ಲಿ ಸೇರಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

"ನನ್ನ ಮುಂದ ಅಲ್ಲ, ಪರಿವೀಕ್ಷಣಾಧಿಕಾರಿ ಮುಂದ ಹೋಗಿ ಹೇಳು," ಎಂದೆ. "ಇದ್ದದ್ದನ್ನ ಇದ್ದಾಂಗ ಹೇಳು. ಮುಚ್ಚಿಟ್ರ ನಾನ ನಿನಗ ಶಿಕ್ಷಾ ಕೇಳ್ತೀನಿ."

ಅವನು ಹೋಗಿ ಹೇಳಿದ. ಅಧಿಕಾರಿ ಒಂದಕ್ಷರವನ್ನೂ ಮುಚ್ಚಿಡದೆ ವರದಿ ಬರೆದರು. ಮತ್ತೆ ಅದೇ ನ್ಯಾಯಾಧೀಶರ ಮುಂದೆ ನಾನು ನಿಂತೆ. ಮೊದಲ ಸಲ ತಪ್ಪಿದವನಿಗೆ ಸಣ್ಣ ದಂಡ ಹಾಕಿ ಬಾಂಡನ್ನು ಮುಂದುವರಿಸಬಹುದೆಂದು ಅದೇ ಕಾಯ್ದೆಯಲ್ಲಿದೆ. ಓದಿ ತೋರಿಸಿದೆ. ವಾರ್ಡಿನ ವೈದ್ಯರು ಒಂದು ಮಾತು ಬರೆದುಕೊಟ್ಟಿದ್ದರು: ಈ ಕಾಯಿಲೆಯಲ್ಲಿ ಜಾರಿ ಬೀಳುವುದು ಚಿಕಿತ್ಸೆ ಸೋತಿತು ಎಂಬುದರ ಗುರುತಲ್ಲ, ತಾನೇ ಎದ್ದು ಬಂದದ್ದು ಗುಣವಾಗುತ್ತಿರುವ ಗುರುತು. ನ್ಯಾಯಾಧೀಶರು ಬಹಳ ಹೊತ್ತು ಕಡತ ನೋಡಿದರು. ನಂತರ ಅವನನ್ನು ಒಂದೇ ಪ್ರಶ್ನೆ ಕೇಳಿದರು.

"ನಿನ್ನನ್ನ ಯಾರು ಹಿಡ್ಕೊಂಡು ಬಂದರು?"

"ಯಾರೂ ಇಲ್ರಿ. ಬಸ್ಸಿಗೆ ಬಂದೀನ್ರಿ."

ದಂಡ ಹಾಕಿ, ಇನ್ನೊಮ್ಮೆ ವಾರ್ಡಿಗೆ ಕಳಿಸಿ, ಬಾಂಡ್ ಮುಂದುವರಿಸಿದರು. ನಮ್ಮ ಹಿರಿಯರು ಆ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದುದನ್ನು ನಾನು ಹೊರಬರುವಾಗ ನೋಡಿದೆ. ಅವರಿಗೆ ಆ ಕೋರ್ಟಿನಲ್ಲಿ ಯಾವ ಕೇಸೂ ಇರಲಿಲ್ಲ. ಜೊತೆಗೆ ಕೋಣೆಯ ತನಕ ನಡೆದು ಬಂದರು. ಬಾಗಿಲಲ್ಲಿ ನಿಂತು, "ಇದನ್ನ ಬಿಡಬ್ಯಾಡ ತಂಗಿ. ಇಂಥ ಇನ್ನೆರಡು ಕಡತ ನನ್ನ ಕಪಾಟಿನ್ಯಾಗ ಅದಾವ, ಸಂಜೀಕ ಒಯ್ದುಬಿಡು," ಎಂದರು. ಅವರಿಂದ ನಾನು ಪಡೆದ ಶಭಾಶ್‌ಗಿರಿ ಅಷ್ಟೇ. ಬೇರೆಯವರು ಮಾಲೆ ಹಾಕಿದ್ದರೂ ಅಷ್ಟು ಹಿಗ್ಗು ಆಗುತ್ತಿರಲಿಲ್ಲ.

ಆ ಎರಡು ಕಡತಗಳಲ್ಲಿ ಒಬ್ಬ ದಾರಿಗೆ ಬಂದ. ಇನ್ನೊಬ್ಬ ಬಾಂಡ್ ಮುರಿದು, ಹಾಜರಿ ತಪ್ಪಿಸಿ, ಮತ್ತೊಂದು ಮನೆಗೆ ನುಗ್ಗಿದ. ಅವನಿಗೆ ಜೈಲಾಗಬೇಕೆಂದು ನಾನೇ ವಾದಿಸಿದೆ, ಆಯಿತು. ಅದರಲ್ಲಿ ನನಗೆ ಅಳುಕಿಲ್ಲ. ಬಾಗಿಲು ತೆರೆದಿಡುವುದು ನಮ್ಮ ಕೆಲಸ. ಒಳಗೆ ಬಾರದವನನ್ನು ಹೊತ್ತು ತರಲಾಗುವುದಿಲ್ಲ.

ದ್ರಾಕ್ಷಿಯವನ ಬಾಂಡ್ ಮುಗಿದ ವರ್ಷ, ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಬಿಜ್ಜರಗಿಯ ಮುದುಕಿ ಫೋನ್ ಮಾಡಿದಳು. "ಐತವಾರ ಪಡಕ್ಕ ಬಾ ಯವ್ವಾ. ನೀ ನೋಡೂದೈತಿ." ಕೇಸು ಮುಗಿದಿದ್ದರಿಂದ ಹೋಗುವುದಕ್ಕೆ ಅಡ್ಡಿ ಇರಲಿಲ್ಲ. ನಾನು ಹೋದಾಗ ಎಂಟು ಜನರ ತಂಡ ಸಾಲುಗಳಲ್ಲಿ ಕತ್ತರಿ ಆಡಿಸುತ್ತಿತ್ತು. ತಂಡದ ಮುಂದೆ ಅವನೇ. ಮೊದಲ ದಿನ ಮುದುಕಿ ಅವನಿಗೆ ಒಂದೇ ಸಾಲು ಕೊಟ್ಟು, ಬೆನ್ನ ಹಿಂದೆ ನಿಂತು ಪ್ರತಿ ಕಡ್ಡಿಯನ್ನೂ ಪರೀಕ್ಷೆ ಮಾಡಿದ್ದಳಂತೆ. ಎರಡನೆಯ ದಿನ ಇಡೀ ಪಡ ಅವನ ಕೈಗೆ ಬಿಟ್ಟಿದ್ದಳು.

"ಕ್ಷಮಾ ಮಾಡೀಯೇನ್ ಆಯಿ?" ಎಂದು ನಾನು ಕೇಳಿದೆ.

"ಆ ಎರಡು ಸಾಲು ನೆನಪಾದ್ರ ಇನ್ನಾ ಹೊಟ್ಟ್ಯಾಗ ಉರೀತೈತಿ," ಅಂದಳು. "ಖರೆ ಅವನಂಗ ಚಾಟ್ನಿ ಮಾಡಾವ್ರು ಈ ಭಾಗದಾಗ ಯಾರ್ ಅದಾರ ಹೇಳು?"

ಅವನು ಕಡ್ಡಿ ಬಾಗಿಸಿ, ಕಣ್ಣು ಎಣಿಸಿ, ಒಂದೇ ಏಟಿಗೆ ಕತ್ತರಿಸುತ್ತಿದ್ದ. ಕೈ ಅಲುಗುತ್ತಿರಲಿಲ್ಲ. ನಾನು ಕೊಡಿಸಿದ ಯಾವ ಶಿಕ್ಷೆಯ ಆದೇಶವನ್ನೂ ಅಷ್ಟು ಹೊತ್ತು ನಿಂತು ನೋಡಿರಲಿಲ್ಲ. ಹೆಮ್ಮೆ ಎನ್ನುವುದನ್ನು ತೋರಿಸಿಕೊಳ್ಳಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ಆದರೂ ಆವತ್ತು ತಿಕೋಟಾ ದಾಟಿ ಊರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಈಗ ನಮ್ಮ ಆಫೀಸಿನಲ್ಲಿ ಇದು ರೂಢಿಯಾಗಿದೆ. ಕುಡಿತದಿಂದ ಹುಟ್ಟಿದ ಸಣ್ಣ ಕೇಸು ಬಂದರೆ ಕಳಕೊಂಡವರನ್ನು ಮೊದಲು ಕರೆಸಿ ಕೂರಿಸಿ ಕೇಳುತ್ತೇವೆ. ಆಮೇಲೆ ಆ ಕಾಯ್ದೆ ತೆಗೆಯುತ್ತೇವೆ. ಆಡಿಕೊಂಡವರಲ್ಲಿ ಒಬ್ಬರು ಮೊನ್ನೆ ತಾವೇ ಬಂದು ಅರ್ಜಿಯ ಮಾದರಿ ಕೇಳಿದರು.

ಕಳೆದ ತಿಂಗಳು ಮಧ್ಯಾಹ್ನದ ಊಟದ ಹೊತ್ತಿಗೆ ಚಾಟ್ನಿಯವನು ಬಂದ. ಜೊತೆಗೆ ಅವನ ತಂಡದ ಒಬ್ಬ ಗಂಡಸು, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನು. ಕಣ್ಣು ಹಳದಿಗಟ್ಟಿದ್ದವು. ತಲೆ ತಗ್ಗಿಸಿ ನಿಂತಿದ್ದ. ಯಾವ ಕೇಸು, ಯಾವ ಠಾಣೆ ಎಂದು ನಾನು ರೂಢಿಯಂತೆ ಕೇಳಿದೆ.

"ಇವನ ಮ್ಯಾಲ ಕೇಸ್ ಇಲ್ರಿ ಬಾಯಾರ," ಅಂದ. "ಆಗೂಕಿಂತ ಮೊದಲ ಕರ್ಕೊಂಡ್ ಬಂದೀನಿ. ದವಾಖಾನಿಗೆ ಹೋಗೂಣು ಅಂದ್ರ ಒಬ್ಬಾಂವ ಹೋಗಾಕ ಅಂಜತಾನ. ನೀವೊಂದು ಮಾತು ಹೇಳ್ರಿ."

ನಾನು ಊಟದ ಡಬ್ಬಿ ಮುಚ್ಚಿಟ್ಟು ಕೈ ತೊಳೆದುಕೊಂಡೆ. ವಾರ್ಡಿನ ವೈದ್ಯರಿಗೆ ಫೋನ್ ಹಚ್ಚಿ, ಇಬ್ಬರು ಬರುತ್ತಿದ್ದಾರೆ ಎಂದು ತಿಳಿಸಿದೆ. ಆಮೇಲೆ ಅವರಿಬ್ಬರ ಜೊತೆ ಗೇಟಿನ ತನಕ ನಡೆದುಹೋಗಿ, ಆಸ್ಪತ್ರೆಯ ಕಡೆ ಹೋಗುವ ಆಟೋ ಹತ್ತಿಸಿದೆ.